‘ಇನ್‌ಪುಟ್ ಸಬ್ಸಿಡಿ’: ಫಲಕಕ್ಕೆ ಪದ ಬೇಕು, ನಾಳೆಯೊಳಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದ ಮುಂದೆ ನಿಲ್ಲಿಸುವ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಬರೆಯುವವರ ಕೈಗೆ ಕೊಡಬೇಕು. ಇಂಗ್ಲಿಷ್ ಪ್ರತಿಯಲ್ಲಿ ‘ಸಬ್ಸಿಡಿ’ ಮೂರು ಕಡೆ ಇದೆ: ಬಿತ್ತನೆ ಬೀಜಕ್ಕೆ, ಪಿಎಂ ಕಿಸಾನ್ ಹಣಕ್ಕೆ, ಬರದಲ್ಲಿ ಬೆಳೆ ಹೋದವರಿಗೆ ಕೊಡುವ ‘ಇನ್‌ಪುಟ್ ಸಬ್ಸಿಡಿ’ಗೆ. ಮೊದಲೆರಡಕ್ಕೆ ‘ಸಹಾಯಧನ’, ಮೂರನೆಯದಕ್ಕೆ ‘ನೆರವುಧನ’ ಎಂದಿದ್ದೇನೆ. ಸರಿಯೇ?

* * *

ಸರಿಯಲ್ಲ. ‘ನೆರವುಧನ’ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ತಪ್ಪು ಸಮಾಸ. ಬಿರುದುಗಳಿಗೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಕೊಟ್ಟ ವಿನಾಯಿತಿ ಇದಕ್ಕೆ ಸಲ್ಲದು. ‘ನೆರವಿನ ಹಣ’ ಎನ್ನಿ. ಹಣ ಸಂಸ್ಕೃತದ ಪಣದ ತದ್ಭವ, ಕನ್ನಡವೇ ಆದದ್ದು, ತೊಂದರೆಯಿಲ್ಲ. ‘ಸಬ್ಸಿಡಿ’ಯಂತೂ ಬೇಡವೇ ಬೇಡ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ಯುದ್ಧದಲ್ಲಿ ಹಿಂದೆ ಕುಳಿತ ಮೀಸಲು ಪಡೆ ಎಂದು ಅರ್ಥ. ನಮ್ಮಲ್ಲಿ ‘ಒತ್ತಾಸೆ’ ಇರುವಾಗ ಆ ಪಡೆಯ ಹಂಗೇಕೆ?

* * *

ಅರಿಸಮಾಸದ ಮಾತು ಒಪ್ಪಿದೆ, ಉಳಿದುದನ್ನು ಒಪ್ಪಲಾರೆ. ‘ರೈತ’ ಅರಬ್ಬಿ, ‘ಜಮೆ’ ಅರಬ್ಬಿ. ನಮ್ಮ ಅಜ್ಜ ತಕಾವಿ ಸಾಲ, ಅಂದರೆ ಸರ್ಕಾರ ರೈತರಿಗೆ ಕೊಡುತ್ತಿದ್ದ ಸಾಲ ತಂದು ಬಾವಿ ತೋಡಿಸಿದವರು. ಬಲ ತುಂಬುವುದು ಎಂಬರ್ಥದ ‘ತಕಾವಿ’ಯೂ ಅರಬ್ಬಿಯೇ. ಎರವಲು ಬಂದ ಪದದಿಂದ ಯಾವ ರೈತನೂ ಕೆಟ್ಟಿಲ್ಲ. ಅರ್ಥ ತಪ್ಪಿದ ಪದದಿಂದ ಕೆಡುತ್ತಾನೆ.

ಬೀಜಕ್ಕೆ ‘ಸಹಾಯಧನ’ ಇರಲಿ. ದರದಲ್ಲಿ ಕಡಿತವೆಂದು ಎಲ್ಲರಿಗೂ ಗೊತ್ತು. ಪಿಎಂ ಕಿಸಾನ್‌ಗೆ ಅದು ಸಲ್ಲದು. ವರ್ಷಕ್ಕೆ 6,000 ರೂಪಾಯಿ, ತಲಾ 2,000ದ ಮೂರು ಕಂತುಗಳಲ್ಲಿ ಖಾತೆಗೇ ಬರುತ್ತದೆ, ಏನನ್ನೂ ಕೊಳ್ಳಬೇಕಾಗಿಲ್ಲ. ‘ಪಿಎಂ ಕಿಸಾನ್ ಕಂತು’ ಎಂದರೆ ಸಾಕು.

ಕಷ್ಟವಿರುವುದು ಮೂರನೆಯದರಲ್ಲಿ. ಪತ್ರಿಕೆಗಳು ಅದನ್ನು ‘ಬೆಳೆ ಪರಿಹಾರ’ ಎನ್ನುತ್ತವೆ. ದಯವಿಟ್ಟು ಹಾಗೆ ಬರೆಯಬೇಡಿ. ಪರಿಹಾರವೆಂದರೆ ಕಳೆದುಕೊಂಡದ್ದಕ್ಕೆ ಈಡು. 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಎಕರೆಗೆ ಸುಮಾರು 3,400. ಅದೂ ಎರಡು ಹೆಕ್ಟೇರಿಗೆ ಮಾತ್ರ, ಶೇಕಡಾ 33 ಅಥವಾ ಹೆಚ್ಚು ಹಾನಿಯಾಗಿದ್ದರೆ. ಒಂದು ಎಕರೆ ರಾಗಿ ಕಳೆದುಕೊಂಡವನಿಗೆ ಇದು ಈಡಾಗುತ್ತದೆಯೇ? ಮತ್ತೆ ಬಿತ್ತಲು ಬೀಜ, ಗೊಬ್ಬರಕ್ಕೆಂದು ಕೊಡುವ ಹಣ ಇದು. ಮೇಲಾಗಿ ವಿಮೆಯ ಹಣವನ್ನೂ ‘ಬೆಳೆ ವಿಮೆ ಪರಿಹಾರ’ ಎನ್ನುತ್ತಾರೆ. ಒಂದು ಬಂದರೆ ಇನ್ನೊಂದೂ ಬಂದಾಯಿತು ಎಂದುಕೊಂಡು ಸುಮ್ಮನಾದವರನ್ನು ನಾನು ಬಲ್ಲೆ. ‘ಇನ್‌ಪುಟ್ ಸಬ್ಸಿಡಿ’ಯನ್ನು ಪದಕ್ಕೆ ಪದ ಇಟ್ಟು ‘ಪರಿಕರ ಸಹಾಯಧನ’ ಎಂದರೆ ಸಿಂಪರಣೆ ಯಂತ್ರ, ಪೈಪು ಎಂದುಕೊಳ್ಳುತ್ತಾರೆ. ‘ಬೆಳೆಹಾನಿ ನೆರವು’ ಎಂದು ಬರೆಯಿರಿ.

* * *

‘ಬೆಳೆಹಾನಿ’ಯೂ ಅರಿಸಮಾಸವೇ. ಎರವಲನ್ನು ಸಮರ್ಥಿಸಲು ಹೊರಟವರು ಕೊನೆಗೆ ವ್ಯಾಕರಣವನ್ನೂ ಬಿಡುತ್ತಾರೆ. ಬೇರೆ ಹುಡುಕಿ.

* * *

ಕೃಷಿ ಇಲಾಖೆಯ ಸುತ್ತೋಲೆಯಲ್ಲಿ ‘ಬೆಳೆಹಾನಿ’ ಓದದ ರೈತನಿಲ್ಲ. ನಾನು ಹುಡುಕುವುದಿಲ್ಲ.

* * *

ಇಬ್ಬರಿಗೂ ವಂದನೆಗಳು. ಸಮಾಸವನ್ನೇ ಬಿಟ್ಟಿದ್ದೇನೆ. ಫಲಕಕ್ಕೆ ಹೋಗುತ್ತಿರುವುದು: ‘ಬೆಳೆ ಹಾಳಾದವರಿಗೆ ಮತ್ತೆ ಬಿತ್ತಲು ನೆರವು’. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಇನ್‌ಪುಟ್ ಸಬ್ಸಿಡಿ ಎನ್ನುವುದು ಇದನ್ನೇ. ಬೆಳೆ ವಿಮೆಯ ಹಣ ಬೇರೆ.’ ಬರೆಯುವವರು ಅಕ್ಷರದ ಲೆಕ್ಕದಲ್ಲಿ ಕೂಲಿ ಕೇಳುತ್ತಾರೆ, ಕೊಡುತ್ತೇನೆ.