ಸೋದರಮಾವನ ಮಾದದ ಖರ್ಚು ಯಾರ ಲೆಕ್ಕಕ್ಕೆ? ಉಯಿಲಿನ ನಿರ್ವಾಹಕನ ಪ್ರಶ್ನೆ

ಗೋಣಿಕೊಪ್ಪದ ಅಂಗಡಿಯವ

ನನ್ನ ಸೋದರಮಾವ ಕಳೆದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಪೊನ್ನಂಪೇಟೆ ಕಡೆ ಸ್ವಂತ ದುಡ್ಡಿನಿಂದ ಕೊಂಡ ಆರು ಎಕರೆ ರೊಬಸ್ಟಾ ಕಾಫಿ ತೋಟ, ಒಂದು ಮನೆ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ ಇವೆ. ತೋಟದ ಮೇಲೆ ಬೆಳೆ ಸಾಲವೂ ಇದೆ. ನೋಂದಣಿಯಾದ ಉಯಿಲಿನಲ್ಲಿ ತೋಟ ಮತ್ತು ಮನೆಯನ್ನು ತಮ್ಮನ ಇಬ್ಬರು ಮಕ್ಕಳಿಗೂ, ಠೇವಣಿಯ ಒಂದು ಭಾಗವನ್ನು ನನಗೂ ಬರೆದು, ಅದನ್ನು ಜಾರಿಗೆ ತರುವ ನಿರ್ವಾಹಕನ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಅಂಗಡಿಯ ಲೆಕ್ಕ ಬರೆಯುವವನಿಗೆ ಇದೇನು ದೊಡ್ಡದು ಎಂದುಕೊಂಡಿರಬೇಕು.

ಬ್ಯಾಂಕ್ ಖಾತೆಯಿಂದ ಹಣ ತೆಗೆಯುವಂತಿರಲಿಲ್ಲ. ಮೈಸೂರಿನ ಆಸ್ಪತ್ರೆಯ ಕೊನೆಯ ಬಿಲ್ಲು, ಆಂಬುಲೆನ್ಸ್, ಅಂತ್ಯಕ್ರಿಯೆ, ಪತ್ರಿಕೆಯ ಜಾಹೀರಾತು, ಸಾವಿನ ನಂತರ ನಾವು ಕೊಡವರು ಮಾಡುವ ಮಾದದ ದಿನದ ಸಭಾಂಗಣ ಮತ್ತು ಊಟ, ಭಾಗಮಂಡಲದಲ್ಲಿ ಮಾಡಿಸಿದ ಪಿಂಡಪ್ರದಾನ, ಎಲ್ಲವನ್ನೂ ನಾನೇ ಕೊಟ್ಟೆ. ಕೋವಿಯ ತೋಟಾಗಳ ರಸೀದಿಯೂ ನನ್ನ ಬಳಿ ಇದೆ. ಈಗ ಬೆಂಗಳೂರಿನಲ್ಲಿರುವ ಚಿಕ್ಕ ಮಾವನ ಮಗ ಹೇಳುತ್ತಾನೆ: "ಅಷ್ಟು ಜನರನ್ನು ಕರೆದವನು ನೀನು. ಅಳಿಯನಾಗಿ ಮಾಡಿದ ಖರ್ಚನ್ನು ಆಸ್ತಿಯಿಂದ ಕೇಳುವುದು ಯಾವ ಮರ್ಯಾದೆ?"

ಮರ್ಯಾದೆಯ ಪ್ರಶ್ನೆಯನ್ನು ನಮ್ಮ ಹಿರಿಯರು ನೋಡಿಕೊಳ್ಳುತ್ತಾರೆ. ಕಾನೂನಿನಲ್ಲಿ ನಾನು ಏನೇನು ಹಿಂದಕ್ಕೆ ಪಡೆಯಬಹುದು? ಮಾದಕ್ಕೆ ನೆಂಟರು ಬರುತ್ತಾರೆಂದು ಮನೆಗೆ ಬಣ್ಣ ಹೊಡೆಸಿದ್ದೂ ಪಟ್ಟಿಯಲ್ಲಿದೆ. ಜನವರಿಯಿಂದ ಕಾಫಿ ಕೊಯ್ಲಿನ ಕೂಲಿಯನ್ನೂ ನಾನೇ ಕೊಡುತ್ತಿದ್ದೇನೆ.

ಕೋರ್ಟು ಬಿಟ್ಟ ವಕೀಲ

ನಿಮ್ಮ ಮಾವ ಆಳನ್ನು ಸರಿಯಾಗಿಯೇ ಆರಿಸಿದ್ದಾರೆ. ರಸೀದಿ ಇಟ್ಟುಕೊಂಡ ನಿರ್ವಾಹಕರನ್ನು ನಾನು ಹೆಚ್ಚು ನೋಡಿಲ್ಲ.

1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವನ್ನು ನೋಡಿ. ಮೃತರು ಸಾಕಷ್ಟು ಆಸ್ತಿ ಬಿಟ್ಟಿದ್ದರೆ ಅವರ ಸ್ಥಿತಿಗೆ ತಕ್ಕಂತೆ ಅಂತ್ಯಕ್ರಿಯೆಗೆ ಹಣ ಒದಗಿಸುವುದು ನಿರ್ವಾಹಕನ ಕರ್ತವ್ಯ ಎನ್ನುತ್ತದೆ ಕಲಂ 316. ಕರ್ತವ್ಯವೆಂದ ಮೇಲೆ ಅದು ಅಳಿಯನ ಉಡುಗೊರೆ ಹೇಗಾದೀತು? ಕಲಂ 320ರ ಪ್ರಕಾರ ಅಂತ್ಯಕ್ರಿಯೆಯ ನ್ಯಾಯವಾದ ಖರ್ಚು, ಮರಣಶಯ್ಯೆಯ ಖರ್ಚು, ಅಂದರೆ ವೈದ್ಯರ ಶುಲ್ಕ ಮತ್ತು ಸಾವಿಗೆ ಹಿಂದಿನ ಒಂದು ತಿಂಗಳ ಊಟ ವಸತಿ, ಇವು ಎಲ್ಲ ಸಾಲಗಳಿಗಿಂತ ಮೊದಲು ಸಲ್ಲಬೇಕು. ಆಸ್ಪತ್ರೆಯ ಕೊನೆಯ ಬಿಲ್ಲು, ಆಂಬುಲೆನ್ಸ್, ದಹನ ಇವುಗಳಲ್ಲಿ ಜಗಳಕ್ಕೆ ಜಾಗವೇ ಇಲ್ಲ. ಆದರೆ ವರ್ಷದ ಹಿಂದಿನ ಯಾವುದೋ ಚಿಕಿತ್ಸೆಯ ಬಾಕಿ ಇದ್ದರೆ ಅದು ಸಾಮಾನ್ಯ ಸಾಲ, ಅದಕ್ಕೆ ಈ ಆದ್ಯತೆ ಇಲ್ಲ.

ಮಾದದ ವಿಷಯ ಸ್ವಲ್ಪ ಸೂಕ್ಷ್ಮ. ಕಾನೂನಿನ ಅಳತೆಗೋಲು ಸತ್ತವರ ಅಂತಸ್ತು, ಉಳಿದವರ ಪ್ರತಿಷ್ಠೆಯಲ್ಲ. ಕೊಡವ ಮನೆಯಲ್ಲಿ ಮಾದವಿಲ್ಲದೆ ಸಾವಿನ ಕ್ರಿಯೆ ಮುಗಿಯಿತೆಂದು ಯಾರೂ ಹೇಳುವುದಿಲ್ಲ, ಆದ್ದರಿಂದ ಅದನ್ನು ಅಂತ್ಯಕ್ರಿಯೆಯ ಭಾಗವೆಂದೇ ವಾದಿಸುತ್ತೇನೆ. ಪಿಂಡಪ್ರದಾನವೂ ಹಾಗೆಯೇ. ಊರಿನ ನಿವೃತ್ತ ಸುಬೇದಾರರಿಗೆ ಬಂಧುಬಳಗ, ಒಕ್ಕದವರು (ಮನೆತನದವರು), ಪಲ್ಟನ್ನಿನ ಹಳೆಯ ಗೆಳೆಯರು ಸೇರಿದರೆ ಅದು ಅತಿಯಲ್ಲ. ನಿಮ್ಮ ಅಂಗಡಿಯ ಗಿರಾಕಿಗಳನ್ನೂ ಕರೆದಿದ್ದರೆ ಆ ಭಾಗವನ್ನು ನೀವೇ ಹೊರಿ. ಒಂದು ಜಾಹೀರಾತು ಸರಿ. ಮೂರು ಪತ್ರಿಕೆಗಳಲ್ಲಿ ಕೊಟ್ಟಿದ್ದರೆ ನಿಮ್ಮ ಚಿಕ್ಕ ಮಾವನ ಮಗ ಕೇಳುವುದರಲ್ಲಿ ತಪ್ಪಿಲ್ಲ. ತೋಟಾಗಳ ರಸೀದಿ ಇರಲಿ, ಗುಂಡು ಹಾರಿಸಿ ಸಾವು ತಿಳಿಸುವುದು ಇಲ್ಲಿನ ಪದ್ಧತಿ.

ಬಣ್ಣದ ಬಿಲ್ಲನ್ನು ಅಂತ್ಯಕ್ರಿಯೆಯ ಹೆಸರಿನಲ್ಲಿ ಕೇಳಬೇಡಿ. ಕಲಂ 308 ಆಸ್ತಿಯ ಸರಿಯಾದ ನಿಗಾ, ನಿರ್ವಹಣೆಗೆ ಬೇಕಾದ ಖರ್ಚಿಗೆ ಒಪ್ಪುತ್ತದೆ. ಸೋರುವ ಹಂಚು ಬದಲಿಸಿದರೆ ಅದರಲ್ಲಿ ಬರುತ್ತದೆ. ಅಂದ ಹೆಚ್ಚಿಸುವ ಸುಧಾರಣೆಗೆ ಉಚ್ಚ ನ್ಯಾಯಾಲಯದ ಮಂಜೂರಾತಿ ಬೇಕೆನ್ನುತ್ತದೆ ಅದೇ ಕಲಂ. ಅಷ್ಟಕ್ಕೆ ಯಾರು ಬೆಂಗಳೂರಿಗೆ ಹೋಗುತ್ತಾರೆ! ಮನೆ ಪಡೆಯುವ ಇಬ್ಬರೂ ಬರೆದು ಒಪ್ಪಿದರೆ ಸರಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಸಿದ್ದಾಪುರದ ಬೆಳೆಗಾರ

ವಕೀಲರು ಕೊಯ್ಲಿನ ಬಗ್ಗೆ ಹೇಳಲಿಲ್ಲ. ನಮ್ಮ ಅಣ್ಣ ತೀರಿಕೊಂಡಾಗ ನಾವು ಎರಡು ಪುಸ್ತಕ ಇಟ್ಟೆವು. ಸಾಯುವ ದಿನದವರೆಗೆ ಬಾಕಿಯಿದ್ದ ಕೂಲಿ ಒಂದರಲ್ಲಿ, ಆಮೇಲಿನದು ಇನ್ನೊಂದರಲ್ಲಿ. ಹಣ್ಣು ಗಿಡದಲ್ಲೇ ಒಣಗಿ ಉದುರಿದರೆ ನಷ್ಟ ವಾರಸುದಾರರಿಗೇ ತಾನೆ? ಕೊಯ್ಲಿನ ಕೂಲಿ, ಕಣದಲ್ಲಿ ಒಣಗಿಸುವ ಖರ್ಚು, ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ನ ಡೀಸೆಲ್, ಆನೆ ಮುರಿದ ಸೋಲಾರ್ ಬೇಲಿಯ ದುರಸ್ತಿ, ಇವೆಲ್ಲ ತೋಟ ಉಳಿಸುವ ಖರ್ಚು. ಹಳೆಯ ಗಿಡ ಕಿತ್ತು ಹೊಸ ತಳಿ ಹಾಕುವುದು, ಹೊಸ ಕೊಳವೆಬಾವಿ ಕೊರೆಸುವುದು ಬೇರೆ ಮಾತು. ಅದನ್ನು ಹೊಸ ಮಾಲೀಕರು ಮಾಡಿಕೊಳ್ಳಲಿ. ಚೆರಿ ಮಾರಿದ ಹಣ ನಿಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಗೆ ಒಂದು ದಿನವೂ ಬೀಳಬಾರದು, ಬೇರೆ ಖಾತೆ ತೆರೆಯಿರಿ.

ಕೋರ್ಟು ಬಿಟ್ಟ ವಕೀಲ

ಬೆಳೆಗಾರರ ಎರಡು ಪುಸ್ತಕಕ್ಕೆ ಕಾನೂನಿನಲ್ಲೂ ಆಧಾರವಿದೆ. ಸಾವಿಗೆ ಹಿಂದಿನ ಮೂರು ತಿಂಗಳಲ್ಲಿ ದುಡಿದ ಕೂಲಿಕಾರರು, ಕುಶಲಕರ್ಮಿಗಳು, ಮನೆಯಾಳುಗಳ ಬಾಕಿಗೆ ಕಲಂ 322 ಉಳಿದ ಸಾಲಗಳಿಗಿಂತ ಮೊದಲ ಸ್ಥಾನ ಕೊಡುತ್ತದೆ. ಲೈನ್ ಮನೆಗಳಲ್ಲಿರುವ ತೋಟದ ಕೂಲಿಕಾರರ ಬಾಕಿ ಇದ್ದರೆ ಅದನ್ನು ತೀರಿಸದೆ ಯಾರಿಗೂ ಪಾಲು ಕೊಡಬೇಡಿ. ಅದಕ್ಕೂ ಮುಂಚೆ, ಅಂತ್ಯಕ್ರಿಯೆಯ ಖರ್ಚಿನ ನಂತರ, ಪ್ರೊಬೇಟ್, ಅಂದರೆ ಉಯಿಲು ಸರಿಯೆಂಬ ನ್ಯಾಯಾಲಯದ ದೃಢೀಕರಣ, ಪಡೆಯುವ ವೆಚ್ಚ ಮತ್ತು ಆಡಳಿತಕ್ಕೆ ಅಗತ್ಯವಾದ ದಾವೆಗಳ ವೆಚ್ಚ ಸಲ್ಲುತ್ತದೆ, ಅದು ಕಲಂ 321. ತೋಟವನ್ನು ಅಡವಿಟ್ಟು ಬೆಳೆ ಸಾಲ ಕೊಟ್ಟಿದ್ದರೆ ಬ್ಯಾಂಕಿಗೆ ಆ ತೋಟದ ಮೇಲೆ ತನ್ನದೇ ಹಕ್ಕು ಇರುತ್ತದೆ, ಅವರೊಂದಿಗೆ ಬೇಗ ಮಾತನಾಡಿ.

ಗೋಣಿಕೊಪ್ಪದ ಅಂಗಡಿಯವ

ಇಬ್ಬರಿಗೂ ಧನ್ಯವಾದಗಳು. ಜಾಹೀರಾತು ಒಂದೇ. ಗಿರಾಕಿಗಳು ಬಂದಿದ್ದರು, ನಿಜ. ಅವರಲ್ಲಿ ಅರ್ಧ ಜನ ಮಾವನ ಇಸ್ಪೀಟಿನ ಜೊತೆಗಾರರು, ಅವರನ್ನು ಯಾವ ಪಟ್ಟಿಗೆ ಸೇರಿಸಲಿ? ಇನ್ನೊಂದು ಪ್ರಶ್ನೆ: ಬ್ಯಾಂಕು, ತಾಲ್ಲೂಕು ಕಚೇರಿ, ತೋಟ ಎಂದು ಅಲೆಯುವಾಗ ಅಂಗಡಿ ಮುಚ್ಚಿರುತ್ತದೆ. ಅದಕ್ಕೆ ಏನಾದರೂ ಕೇಳಬಹುದೇ?

ಮಡಿಕೇರಿ ಸೊಸೆ

ನಾನು ಪಾಲು ಪಡೆಯುವ ಕಡೆಯವಳು, ಆದ್ದರಿಂದ ಇದನ್ನೂ ಕೇಳಿ. ನಮ್ಮ ಮನೆಯಲ್ಲಿ ನಿರ್ವಾಹಕರಾಗಿದ್ದವರು ನಂಬಿಕೆಗೆ ಅರ್ಹರೇ. ಆದರೆ "ಇತರೆ" ಎಂಬ ಒಂದು ಸಾಲಿನಲ್ಲಿ ಎಂಬತ್ತು ಸಾವಿರ ಬರೆದಿದ್ದರು, ಅಲ್ಲಿಂದ ಮಾತು ನಿಂತಿತು. ದಯವಿಟ್ಟು ಲೆಕ್ಕವನ್ನು ಅವರು ಕೇಳುವ ಮೊದಲೇ ಕಳುಹಿಸಿ, ರಸೀದಿಗಳ ಫೋಟೋ ಸಮೇತ. ವರ್ಷಾಂತಿಕದ ಖರ್ಚನ್ನು ಈಗಲೇ ಸೇರಿಸಬೇಡಿ.

ಕೋರ್ಟು ಬಿಟ್ಟ ವಕೀಲ

ಇಸ್ಪೀಟಿನ ಜೊತೆಗಾರರು ಸುಬೇದಾರರ ಬಳಗವೇ, ಧೈರ್ಯವಾಗಿ ಬರೆಯಿರಿ.

ಓಡಾಟದ ಪೆಟ್ರೋಲ್, ನಕಲು ಪ್ರತಿಗಳ ಶುಲ್ಕ, ಲೆಕ್ಕಪರಿಶೋಧಕರ ಶುಲ್ಕ ಪಡೆಯಬಹುದು. ಮುಚ್ಚಿದ ಅಂಗಡಿಯ ವ್ಯಾಪಾರ ನಷ್ಟ ಆಸ್ತಿಯ ಖರ್ಚಲ್ಲ. ಕಮಿಷನ್ ಎಂದು ಹಿಡಿದುಕೊಳ್ಳುವುದಕ್ಕೂ ಕಲಂ 309 ಮಿತಿ ಹಾಕಿದೆ: ಮೃತರ ಆಸ್ತಿ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ ಅಡ್ಮಿನಿಸ್ಟ್ರೇಟರ್ ಜನರಲ್‌ಗೆ ನಿಗದಿಯಾದ ದರಕ್ಕಿಂತ ಹೆಚ್ಚು ಇಲ್ಲ. ಉಯಿಲಿನಲ್ಲಿ ಸಂಭಾವನೆಯ ಮಾತಿಲ್ಲದಿದ್ದರೆ ಉಳಿದವರ ಒಪ್ಪಿಗೆಯಿಲ್ಲದೆ ಆ ದಾರಿ ಹಿಡಿಯಬೇಡಿ. ನಿಮಗೆ ಬರೆದ ಠೇವಣಿಯ ಭಾಗ ಮಾತ್ರ ಬೇರೆ. ನಿರ್ವಾಹಕನೆಂದು ಹೆಸರಿಸಿದವನು ಉಯಿಲನ್ನು ರುಜುವಾತುಪಡಿಸಬೇಕು, ಇಲ್ಲವೇ ಆ ಕೆಲಸ ಮಾಡುವ ಉದ್ದೇಶವನ್ನು ತೋರಿಸಬೇಕು. ಆಗಲೇ ಅದು ಸಿಗುತ್ತದೆ, ಕಲಂ 141. ನೀವು ಈಗಾಗಲೇ ತೋರಿಸಿದ್ದೀರಿ.

ನಮ್ಮ ಜಿಲ್ಲೆಯಲ್ಲಿ ಹಿಂದೂ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಬ್ಯಾಂಕು ಹಟ ಹಿಡಿದರೆ ಅಥವಾ ಬೆಂಗಳೂರಿನವರು ತಕರಾರು ತೆಗೆದರೆ ಮಡಿಕೇರಿಯ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಹಾಕಿ. ಪ್ರೊಬೇಟ್ ಸಿಕ್ಕ ಮೇಲೆ ಆರು ತಿಂಗಳಲ್ಲಿ ಆಸ್ತಿಯ ಪಟ್ಟಿ, ಒಂದು ವರ್ಷದಲ್ಲಿ ಜಮಾಖರ್ಚಿನ ಲೆಕ್ಕ ಸಲ್ಲಿಸಬೇಕು. ಸೊಸೆ ಹೇಳಿದಂತೆ ಈಗಲೇ ಬರೆದಿಟ್ಟರೆ ಆಗ ಹೊಸದಾಗಿ ಬರೆಯುವ ಕೆಲಸವಿರುವುದಿಲ್ಲ.