ಜಾನಿ ಡಗ್ಲಸ್ ಅವರ ಒಲಿಂಪಿಕ್ ಫೈನಲ್‌ಗೆ ತಂದೆಯೇ ರೆಫರಿಯಾಗಿದ್ದರೇ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ನಮ್ಮ ಪ್ರೌಢಶಾಲೆಯ ಭಿತ್ತಿಪತ್ರಿಕೆಗೆ ಮಕ್ಕಳು ಇಂಗ್ಲೆಂಡಿನ ಕ್ರಿಕೆಟ್ ನಾಯಕ ಜಾನಿ ಡಗ್ಲಸ್ ಅವರ ಬಗ್ಗೆ ಲೇಖನ ಸಿದ್ಧಪಡಿಸುತ್ತಿದ್ದಾರೆ. 1908ರ ಲಂಡನ್ ಒಲಿಂಪಿಕ್ಸ್‌ನ ಮಿಡಲ್‌ವೇಟ್ ಬಾಕ್ಸಿಂಗ್ ಫೈನಲ್‌ಗೆ ಅವರ ತಂದೆಯೇ ರೆಫರಿಯಾಗಿದ್ದರೆಂದೂ, ಮಗನಿಗೆ ಚಿನ್ನ ಸಿಕ್ಕಿದ್ದು ಅದರಿಂದಲೇ ಎಂದೂ ಒಬ್ಬ ಹುಡುಗ ಎಲ್ಲೋ ಓದಿ ಬರೆದು ತಂದಿದ್ದಾನೆ. ಗೋಡೆಗೆ ಹಚ್ಚುವ ಮೊದಲು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಶಿವಮೊಗ್ಗದಿಂದ):
ಮೇಷ್ಟ್ರೇ, ಆ ಸಾಲನ್ನು ತೆಗೆಸಿಬಿಡಿ. ತಂದೆ ಜಾನ್ ಹರ್ಬರ್ಟ್ ಡಗ್ಲಸ್ ಹವ್ಯಾಸಿ ಬಾಕ್ಸಿಂಗ್ ಸಂಘದ ಅಧ್ಯಕ್ಷರಾಗಿದ್ದರು ನಿಜ. ಆದರೆ ಆ ಫೈನಲ್‌ಗೆ ಅವರು ರೆಫರಿಯಾಗಿರಲಿಲ್ಲ. ಸೋತ ಆಸ್ಟ್ರೇಲಿಯದ ಸ್ನೋಯಿ ಬೇಕರ್ ದಶಕಗಳ ನಂತರ ಹಾಗೆ ಹೇಳಿದ್ದರಿಂದ ಈ ಮಾತು ಹಬ್ಬಿತು. ಅಕ್ಟೋಬರ್ 27ರಂದು ಸ್ಪರ್ಧೆಯ ಎಲ್ಲ ಪಂದ್ಯಗಳೂ ಒಂದೇ ದಿನದಲ್ಲಿ ನಡೆದವು. ಬಿಗಿಯಾದ ಆ ಫೈನಲ್‌ನಲ್ಲಿ, ಎರಡನೆಯ ಸುತ್ತಿನಲ್ಲಿ ಬೇಕರ್ ಅವರನ್ನು ಒಮ್ಮೆ ನೆಲಕ್ಕುರುಳಿಸಿದ್ದ ಡಗ್ಲಸ್, ಅಂಕಗಳ ಆಧಾರದ ಮೇಲೆ ಗೆದ್ದರು. ಬೇಕರ್ ಕೂಡ ಸಾಮಾನ್ಯರಲ್ಲ, ಅದೇ ಒಲಿಂಪಿಕ್ಸ್‌ನಲ್ಲಿ ಈಜು ಮತ್ತು ಡೈವಿಂಗ್‌ನಲ್ಲೂ ಸ್ಪರ್ಧಿಸಿದ್ದರು. ಹೊಡೆದು ಗೆದ್ದ ಪದಕಕ್ಕೆ ಅಪ್ಪನ ಕೃಪೆಯ ಹಣೆಪಟ್ಟಿ ಅಂಟಿಸುವುದು ಅನ್ಯಾಯ.

ಉತ್ತರ 2 (ಸಾಗರದಿಂದ):
ಕ್ರಿಕೆಟ್ ಭಾಗಕ್ಕೆ 1911-12ರ ಆಸ್ಟ್ರೇಲಿಯ ಪ್ರವಾಸವನ್ನು ಅಗತ್ಯವಾಗಿ ಸೇರಿಸಿ. ನಾಯಕ ಪೆಲ್ಹಮ್ ವಾರ್ನರ್ ಕಾಯಿಲೆ ಬಿದ್ದಾಗ ನಾಯಕತ್ವ ವಹಿಸಿದ ಡಗ್ಲಸ್, ಸಿಡ್ನಿಯ ಮೊದಲ ಟೆಸ್ಟ್‌ನಲ್ಲಿ ಬೌಲರ್ ಸಿಡ್ನಿ ಬಾರ್ನ್ಸ್ ಅವರಿಗೆ ಕೊಡದೆ ಹೊಸ ಚೆಂಡನ್ನು ತಾವೇ ಹಿಡಿದರು, ಇಂಗ್ಲೆಂಡ್ ಪಂದ್ಯ ಸೋತಿತು. ಮೆಲ್ಬರ್ನ್‌ನಲ್ಲಿ ನಿರ್ಧಾರ ಬದಲಿಸಿ ಬಾರ್ನ್ಸ್ ಕೈಗೆ ಚೆಂಡು ಕೊಟ್ಟಾಗ, ಅವರು ಮೊದಲ ಇನಿಂಗ್ಸ್‌ನಲ್ಲಿ 44 ರನ್ನಿಗೆ 5 ವಿಕೆಟ್ ಕಿತ್ತರು. ಸರಣಿ 4-1ರಿಂದ ಇಂಗ್ಲೆಂಡಿನ ಪಾಲಾಯಿತು. ಹಟ ಬಿಡುವುದು ನಾಯಕನಿಗೆ ಸುಲಭವಲ್ಲ, ಅದಕ್ಕೇ ಈ ಪ್ರಸಂಗ ನನಗೆ ಒಲಿಂಪಿಕ್ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಉತ್ತರ 3 (ಶಿವಮೊಗ್ಗದಿಂದ, ನಾಟಾ ವ್ಯಾಪಾರಿ):
ಡಗ್ಲಸ್ ಮನೆತನದ್ದು ನಮ್ಮದೇ ಕಸುಬು, ಮರದ ವ್ಯಾಪಾರ. 1930ರಲ್ಲಿ ತಂದೆ-ಮಗ ಇಬ್ಬರೂ ಮರದ ಖರೀದಿ ಮುಗಿಸಿ ‘ಓಬೆರಾನ್’ ಹಡಗಿನಲ್ಲಿ ಹಿಂದಿರುಗುತ್ತಿದ್ದಾಗ, ಡಿಸೆಂಬರ್ 19ರಂದು ಡೆನ್ಮಾರ್ಕ್ ಬಳಿಯ ಕಟ್ಟೆಗಾಟ್ ಸಮುದ್ರದಲ್ಲಿ, ದಟ್ಟ ಮಂಜಿನಲ್ಲಿ ಅದಕ್ಕೆ ‘ಆರ್ಕ್ಟುರಸ್’ ಎಂಬ ಹಡಗು ಡಿಕ್ಕಿ ಹೊಡೆಯಿತು. ಎರಡೂ ಹಡಗುಗಳ ಕಪ್ತಾನರು ಅಣ್ಣ-ತಮ್ಮಂದಿರು. ತಂದೆಯನ್ನು ಉಳಿಸಲು ಹೋದ ಜಾನಿ, ತಂದೆಯೊಂದಿಗೇ ಮುಳುಗಿದರು. ಅವರಿಗಾಗ 48 ವರ್ಷ. ಮಕ್ಕಳು ತಂದೆ-ಮಗನ ಬಗ್ಗೆ ಬರೆಯುವುದಾದರೆ ಇದನ್ನು ಬರೆಯಲಿ ಮೇಷ್ಟ್ರೇ. ಜೊತೆಗೆ ಡಗ್ಲಸ್ ನಾಯಕತ್ವದ ಇಂಗ್ಲೆಂಡ್ 1920-21ರಲ್ಲಿ ಆಸ್ಟ್ರೇಲಿಯದೆದುರು ಕಂಡ 5-0 ಸರಣಿ ಸೋಲನ್ನೂ ಮುಚ್ಚಿಡದೆ ಸೇರಿಸಿ.