ಮಕ್ಕಳ ಓದಿನ ಜಗುಲಿಗೆ ಸಣ್ಣ ಅನುದಾನ: ಎಲ್ಲಿ ಕೇಳುವುದು, ಏನಂತ ಬರೆಯುವುದು?

ಪ್ರಶ್ನೆ (ಅಂಕೋಲಾ ಕಡೆಯ ಸದಸ್ಯೆ):

ನಮಸ್ಕಾರ. ನಮ್ಮದು ಅಂಕೋಲಾ ತಾಲೂಕಿನ ಕಡಲ ಬದಿಯ ಒಂದು ಕೇರಿ. ನಾವು ಮೂವರು ಹೆಂಗಸರು ಸೇರಿ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಜಗುಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕತೆ ಓದುತ್ತೇವೆ. ಹದಿನೆಂಟು, ಇಪ್ಪತ್ತು ಮಕ್ಕಳು ಬರುತ್ತಾರೆ. ಇರುವುದು 30 ಪುಸ್ತಕ, ಅದರಲ್ಲಿ ಅರ್ಧ ಹರಿದಿವೆ. ಮಕ್ಕಳ ಓದಿಗೆ 500 ಡಾಲರ್ ಕೊಡುವ ಅಮೆರಿಕದ ಒಂದು ಪ್ರತಿಷ್ಠಾನದ ಬಗ್ಗೆ ಮೊಬೈಲಿನಲ್ಲಿ ನೋಡಿದೆ. ನಮ್ಮದು ನೋಂದಣಿ ಆದ ಸಂಘ ಅಲ್ಲ. ಅರ್ಜಿ ಹಾಕಬಹುದಾ? ಆಗದಿದ್ದರೆ ಇಲ್ಲೇ ಯಾರನ್ನು ಕೇಳಬೇಕು? ನಮಗೆ 25,000 ರೂಪಾಯಿ ಸಿಕ್ಕರೆ ಸಾಕು.

ಉತ್ತರ:

ನಾನು ಬಹಳ ವರ್ಷ ಶಿರಸಿಯಲ್ಲಿ ಕೂತು ಇಂಥ ಅರ್ಜಿಗಳನ್ನು ಓದಿ, ಯಾವುದಕ್ಕೆ ಹಣ ಕೊಡಬಹುದು ಎಂದು ಹೇಳುವ ಕೆಲಸ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಮೆರಿಕದ ಆಸೆ ಬಿಡಿ. ಅಂಥ ಸಣ್ಣ ಅನುದಾನಗಳು ಹೆಚ್ಚಾಗಿ ಅಲ್ಲಿಯ ಶಾಲೆ, ಲೈಬ್ರರಿಗಳಿಗೇ ಮೀಸಲು. ಒಂದು ವೇಳೆ ಕೊಡುತ್ತೇವೆ ಅಂದರೂ ನೀವು ತೆಗೆದುಕೊಳ್ಳುವ ಹಾಗಿಲ್ಲ. ಹೊರದೇಶದ ದೇಣಿಗೆಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು. ಕಾಯಂ ನೋಂದಣಿ ಬೇಕೆಂದರೆ ಸಂಸ್ಥೆಗೆ ಕನಿಷ್ಠ 3 ವರ್ಷ ಆಗಿರಬೇಕು, ಆ 3 ವರ್ಷದಲ್ಲಿ 15 ಲಕ್ಷ ರೂಪಾಯಿಯ ಕೆಲಸ ಮಾಡಿರಬೇಕು. ಜಗುಲಿ ಓದಿಗೆ ಅದು ಆಗುವ ಮಾತಲ್ಲ.

ನಿಮಗೆ ಬೇಕಾದ 25,000 ಹತ್ತಿರದಲ್ಲೇ ಇದೆ. ಮೊದಲು ನಿಮ್ಮ ಪಂಚಾಯ್ತಿ ಲೈಬ್ರರಿಗೆ ಹೋಗಿ. ಈಗ ಅದನ್ನು ಅರಿವು ಕೇಂದ್ರ ಎಂದು ಕರೆಯುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ನಿಮ್ಮ ಇಪ್ಪತ್ತೂ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಸಿ. ಮೇಲ್ವಿಚಾರಕರ ಜೊತೆ ಮಾತಾಡಿ, ಹದಿನೈದು ದಿನಕ್ಕೊಮ್ಮೆ ಪುಸ್ತಕ ಬದಲಿಸಿಕೊಂಡು ಬನ್ನಿ. ದುಡ್ಡು ಕೇಳುವ ಮೊದಲೇ ನಿಮ್ಮ 30 ಪುಸ್ತಕ ಹೆಚ್ಚಾಗುತ್ತವೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ಲ, ಅಲ್ಲಿ ‘ನಮಗೆ ಪುಸ್ತಕ ಬೇಕು’ ಎಂದು ಮಕ್ಕಳೇ ಎದ್ದು ನಿಂತು ಹೇಳಲಿ. ಅದು ನಡಾವಳಿಯಲ್ಲಿ ದಾಖಲಾಗಬೇಕು. ಬರವಣಿಗೆಯಲ್ಲಿ ಇದ್ದರೆ ಪಂಚಾಯ್ತಿಯಲ್ಲಿ ಆಮೇಲೆ ಕೇಳಲಿಕ್ಕೆ ಒಂದು ಆಧಾರ ಇರುತ್ತದೆ.

ಎರಡನೆಯದು, ಮಕ್ಕಳು ಹೋಗುವ ಸರಕಾರಿ ಶಾಲೆ. ಸರಕಾರಿ ಶಾಲೆಗಳಿಗೆ ಹಣ ಕೊಡುವ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲಾ ಗ್ರಂಥಾಲಯಕ್ಕೆ ಎಂದೇ ಅನುದಾನ ಇದೆ. ಶಾಲೆಯ ಹಂತ ನೋಡಿ 5,000ದಿಂದ 20,000 ರೂಪಾಯಿವರೆಗೆ. ಆ ಹಣ ನಿಮ್ಮ ಕೈಗೆ ಬರುವುದಿಲ್ಲ, ಆದರೆ ಪುಸ್ತಕ ಆರಿಸುವಾಗ ನಿಮ್ಮನ್ನೂ ಕರೆಯಿರಿ ಎಂದು ಕೇಳಬಹುದು. ಇನ್ನೊಂದು ಅನುಕೂಲ: ದಾನಿಗಳು ‘ಚೆಕ್ ಯಾರ ಹೆಸರಿಗೆ?’ ಎಂದು ಕೇಳಿದಾಗ ಎಸ್‌ಡಿಎಂಸಿ (ಪಾಲಕರೇ ಇರುವ ಶಾಲಾಭಿವೃದ್ಧಿ ಸಮಿತಿ) ಖಾತೆ ತೋರಿಸಬಹುದು. ನೋಂದಣಿ ಇಲ್ಲದ ಗುಂಪಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಮೊದಲೇ ಠರಾವು ಮಾಡಿಸಿಕೊಳ್ಳಿ, ಹಣ ಯಾವುದಕ್ಕೆ ಎಂದು ಅದರಲ್ಲೇ ಬರೆಸಿ.

ಮೂರನೆಯದು ಸೊಸೈಟಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಹಕಾರಿ ಸಂಘ ಇಲ್ಲದ ಊರು ಹುಡುಕಿದರೆ ಸಿಗಬಹುದೇನೋ. ಘಟ್ಟದ ಮೇಲೆ ಅಡಿಕೆ ಸೊಸೈಟಿ, ಕೆಳಗೆ ಮೀನುಗಾರರ ಸೊಸೈಟಿ, ಎಲ್ಲ ಕಡೆ ಪತ್ತಿನ ಸಂಘ. ಲಾಭದಲ್ಲಿದ್ದ ಸಂಘಗಳು ಊರಿನ ಕೆಲಸಕ್ಕೆ ಒಂದಿಷ್ಟು ಕೊಡುವ ರೂಢಿ ಇದೆ. ವಾರ್ಷಿಕ ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ. ಅದಕ್ಕೆ ಎರಡು ತಿಂಗಳು ಮೊದಲೇ ಅರ್ಜಿ ಕೊಡಿ. ಸಭೆ ಮುಗಿದ ಮೇಲೆ ಹೋದರೆ ‘ಮುಂದಿನ ವರ್ಷ ನೋಡೋಣ’ ಎನ್ನುತ್ತಾರೆ.

ದೊಡ್ಡ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಬಗ್ಗೆಯೂ ಜನ ಕೇಳುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಕ್ಕೆ ಇಡಬೇಕು, ಸುತ್ತಲಿನ ಊರಿಗೆ ಆದ್ಯತೆ ಕೊಡಬೇಕು. ದೊಡ್ಡ ಕಾರ್ಖಾನೆ, ಸ್ಥಾವರಗಳಿರುವ ಕೈಗಾ, ಬಿಣಗಾ, ದಾಂಡೇಲಿ ಆಸುಪಾಸಿನವರು ಶಾಲೆಯ ಮೂಲಕ ಕೇಳಿ ನೋಡಬಹುದು. ಸಂಸ್ಥೆಯಾಗಿ ಕೇಳುವುದಾದರೆ ಆದಾಯ ತೆರಿಗೆ ಇಲಾಖೆಯ ನೋಂದಣಿಗಳು, ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳು ಮಾಡಿಸುವ ಸಿಎಸ್‌ಆರ್-1 ನೋಂದಣಿ ಎಲ್ಲ ಬೇಕು. 25,000ಕ್ಕೆ ಅಷ್ಟು ಓಡಾಡುವುದು ಬೇಡ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ (ಅದೇ ಸದಸ್ಯೆ):

ತುಂಬಾ ಥ್ಯಾಂಕ್ಸ್. ನಾನು ಒಂದು ಅರ್ಜಿ ಬರೆದಿದ್ದೇನೆ. ‘ಮಕ್ಕಳಲ್ಲಿ ಓದುವ ಹವ್ಯಾಸ ಬೆಳೆಸುವ ಸಲುವಾಗಿ 200 ಪುಸ್ತಕ ಮತ್ತು ಒಂದು ಗಾಜಿನ ಕಪಾಟು ಕೊಡಿಸಬೇಕಾಗಿ ವಿನಂತಿ.’ ಸರಿ ಇದೆಯಾ?

ಉತ್ತರ:

ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಪೂರ್ತಿ ಬದಲಿಸಿ. ನನ್ನ ಮೇಜಿಗೆ ಬಂದ ಬಹುತೇಕ ಅರ್ಜಿಗಳು ಇದೇ ಎರಡು ಸಾಮಾನು ಕೇಳುತ್ತಿದ್ದವು: ಪುಸ್ತಕ, ಕಪಾಟು. ಕೊಟ್ಟೂ ಇದ್ದೇವೆ. ಒಮ್ಮೆ ಆಗಸ್ಟ್‌ನಲ್ಲಿ ಒಂದು ಶಾಲೆಗೆ ನೋಡಲು ಹೋದೆ. ಕಪಾಟಿಗೆ ಬೀಗ. ಕೀಲಿ ಇದ್ದವರು ರಜೆಯಲ್ಲಿದ್ದರು. ಮರುವಾರ ಹೋಗಿ ತೆಗೆಸಿದರೆ, ಕೆಳಗಿನ ಸಾಲಿನ ಪುಸ್ತಕಗಳ ಮೇಲೆ ಬಿಳಿ ಬೂಷ್ಟು ಹತ್ತಿಯ ಹಾಗೆ ಕೂತಿತ್ತು. ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಒಂದನ್ನು ಬಿಡಿಸಲು ಹೋದೆ, ಆನೆಯ ಚಿತ್ರ ಅರ್ಧ ಈ ಹಾಳೆಗೆ, ಅರ್ಧ ಆ ಹಾಳೆಗೆ ಬಂತು. ಒಂದು ಮಗುವೂ ಮುಟ್ಟಿರದ ಪುಸ್ತಕ ಅದು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅವತ್ತಿನಿಂದ ನಾನು ಅರ್ಜಿಯಲ್ಲಿ ಮೊದಲು ಹುಡುಕುವುದು ಒಂದೇ: ಮಕ್ಕಳ ಜೊತೆ ಯಾರು ಕೂರುತ್ತಾರೆ, ಯಾವ ದಿನ, ಎಷ್ಟು ಹೊತ್ತು? ನಿಮ್ಮ ಹತ್ತಿರ ಅದು ಆಗಲೇ ಇದೆ. ಮೂವರು ಹೆಂಗಸರು, ಭಾನುವಾರ, ಜಗುಲಿ. ಅದನ್ನೇ ಬರೆದಿಲ್ಲವಲ್ಲ! ಕಪಾಟು ಬಿಡಿ. ಆ ಕೂರುವ ಗಂಟೆಗೆ ಹಣ ಕೇಳಿ.

ಲೆಕ್ಕ ಹೀಗೆ ಹಾಕಬಹುದು. ಸರಾಸರಿ 70 ರೂಪಾಯಿಯ 120 ಪುಸ್ತಕಕ್ಕೆ 8,400. ಓದಿ ಹೇಳುವವರಿಗೆ ತಿಂಗಳಿಗೆ 1,000ದಂತೆ 10 ತಿಂಗಳಿಗೆ 10,000. ಇದನ್ನು ಬರೆಯಲು ಹೆಂಗಸರು ಹಿಂಜರಿಯುತ್ತಾರೆ, ‘ಸೇವೆಗೆ ದುಡ್ಡಾ?’ ಎನ್ನುತ್ತಾರೆ. ಬರೆಯಿರಿ. ಮೀನು ಮಾರಾಟ ಬಿಟ್ಟು, ಕೂಲಿ ಬಿಟ್ಟು ಬರುವ ಹೊತ್ತು ಅದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ ಮೂರಕ್ಕೆ 2,100. ಚಾಪೆಗೆ 1,600. ರಿಜಿಸ್ಟರ್, ಅಂಟು, ರಟ್ಟಿಗೆ 900. ಹರಿದದ್ದರ ಬದಲಿಗೆ 2,000. ಅಲ್ಲಿಗೆ 25,000. ಪುಸ್ತಕ ಹರಿಯುತ್ತದೆ ಎಂದು ಮೊದಲೇ ಬರೆದರೆ, ಇವರು ನಿಜವಾಗಿ ಮಕ್ಕಳ ಕೈಗೆ ಕೊಡುವವರು ಎಂದು ಓದುವವರಿಗೆ ಗೊತ್ತಾಗುತ್ತದೆ.

ಪುಸ್ತಕದ ಖರ್ಚು ಇನ್ನೂ ಇಳಿಸಬಹುದು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ತೆಗೆದು ಹೊಲಿದುಕೊಳ್ಳಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರಿನ ಪುಟವನ್ನು ಮಾತ್ರ ತೆಗೆಯಬೇಡಿ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳೂ ಅಗ್ಗ.

ಮಳೆಗಾಲದ್ದೂ ಒಂದು ಮಾತು. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಒಲೆಯ ಬೆನ್ನಿನ ಗೋಡೆ ಬೆಚ್ಚಗಿರುತ್ತದೆ, ಅದರ ಹತ್ತಿರ ಹಲಗೆ ಹಾಕಿ ಇಡಿ. ಒದ್ದೆ ಕೈಯಲ್ಲಿ ಓದಿದ ಪುಸ್ತಕವನ್ನು ಹಾಗೇ ಒಳಗೆ ಹಾಕಿ ಮುಚ್ಚಿದರೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಬೇವಿನ ಎಲೆ ಹುಳಕ್ಕೆ ಆದೀತು, ಬೂಷ್ಟಿಗೆ ಆಗದು.

ಪ್ರಶ್ನೆ (ಶಿರಸಿಯ ಸದಸ್ಯ):

ನಡುವೆ ಕೇಳುತ್ತಿದ್ದೇನೆ. ನಾವು ಸಂಘ ನೋಂದಣಿ ಮಾಡಿಸಿದರೆ ಲಾಭ ಇದೆಯಾ? ಮತ್ತೆ, ‘2 ಲಕ್ಷ ಮಂಜೂರಾಗಿದೆ, 3,500 ಶುಲ್ಕ ಕಟ್ಟಿ’ ಎಂದು ಒಂದು ಮೆಸೇಜ್ ಬಂದಿದೆ.

ಉತ್ತರ:

ಆ ಮೆಸೇಜ್ ಮೋಸ. ಅನುದಾನ ಕೊಡುವವರು ಮೊದಲು ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಕಟ್ಟಬೇಡಿ.

ನೋಂದಣಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು. ಆದರೆ ಆಮೇಲೆ ಪ್ರತಿ ವರ್ಷ ಸಭೆ, ಆಡಿಟ್, ಲೆಕ್ಕ ಒಪ್ಪಿಸುವುದು ಇರುತ್ತದೆ. ಎರಡು ವರ್ಷ ಬಿಡದೆ ಓದು ನಡೆಸಿದ ಮೇಲೆ ಮಾಡಿ. ಆಗ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಂಥ ಕಡೆಯೂ ಕೇಳಬಹುದು. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾರ್ವಜನಿಕ ಗ್ರಂಥಾಲಯಗಳಿಗೆ ಅವರ ನೆರವು ಇದೆ.

ಪ್ರಶ್ನೆ (ಅಂಕೋಲಾ ಕಡೆಯ ಸದಸ್ಯೆ):

ಇನ್ನೊಂದೇ ಒಂದು. ನಮ್ಮ ಮಕ್ಕಳು ಮನೆಯಲ್ಲಿ ಕೊಂಕಣಿ ಮಾತಾಡುವವರು. ಕನ್ನಡ ಪುಸ್ತಕ ಓದಿ ಕೊಂಕಣಿಯಲ್ಲಿ ವಿವರಿಸುತ್ತೇವೆ. ಅದು ತಪ್ಪಾ? ಮೂರನೇ ಕ್ಲಾಸಿನ ಒಂದು ಹುಡುಗಿ ಪುಸ್ತಕವನ್ನು ಹಾಲಿನ ಪ್ಯಾಕೆಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೋಗುತ್ತಾಳೆ. ರಾತ್ರಿ ಅಜ್ಜಿಗೆ ಕನ್ನಡದಲ್ಲಿ ಒಂದು ಸಾಲು ಓದಿ, ಕೊಂಕಣಿಯಲ್ಲಿ ಹೇಳುತ್ತಾಳಂತೆ. ಅಜ್ಜಿಗೆ ಓದು ಬರುವುದಿಲ್ಲ. ಪೇಟೆಯಲ್ಲಿ ಸಿಕ್ಕಾಗ ನನ್ನನ್ನು ನಿಲ್ಲಿಸಿ, ‘ಆ ಮೊಸಳೆ ಕತೆ ಮುಗಿಯುವ ಮೊದಲೇ ಪುಸ್ತಕ ಯಾಕೆ ವಾಪಸ್ ತೆಗೆದುಕೊಂಡಿರಿ?’ ಎಂದು ಕೇಳಿದರು.

ಉತ್ತರ:

ತಪ್ಪಲ್ಲ, ಅದೇ ಸರಿ. ಕತೆ ಮನೆಮಾತಿನಲ್ಲಿ ಒಮ್ಮೆ ಮನಸ್ಸಿಗೆ ಇಳಿದರೆ ಕನ್ನಡದ ಸಾಲು ತಾನಾಗಿ ಹಿಡಿತಕ್ಕೆ ಬರುತ್ತದೆ. ಈಗ ನೀವು ನನಗೆ ಬರೆದದ್ದನ್ನೇ ಅರ್ಜಿಯ ಮೊದಲ ಪ್ಯಾರಾ ಮಾಡಿ. ಆ ಮಗುವಿನ ಹೆಸರು ಬೇಡ, ಫೋಟೋ ಬೇಡ. ಮತ್ತೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ದೋಣಿಗೆ ಹೋಗುವ ಅಪ್ಪಂದಿರು ಮನೆಯಲ್ಲಿ ಜಾಸ್ತಿ ಇರುತ್ತಾರೆ. ವಾರಕ್ಕೊಬ್ಬರನ್ನು ಕರೆದು ಕೂರಿಸಿ. ಓದು ಬಾರದವರು ಕಡಲಿನ ಕತೆ ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಅದನ್ನೂ ಅರ್ಜಿಯಲ್ಲಿ ಸೇರಿಸಿ.

ಅದೇ ಸದಸ್ಯೆ:

ಸೊಸೈಟಿ ಕಾರ್ಯದರ್ಶಿಗಳು ಸೋಮವಾರ ಅರ್ಜಿ ತರಲು ಹೇಳಿದ್ದಾರೆ. ಮೂವರೂ ಹೋಗುತ್ತೇವೆ.

ಉತ್ತರ:

ಒಳ್ಳೆಯದು. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು, ಸೀಲು, ಸಹಿ ಹಾಕಿಸಿಕೊಂಡು ಬನ್ನಿ. ಮಕ್ಕಳ ಹಾಜರಿ ಪುಸ್ತಕವನ್ನೂ ತೆಗೆದುಕೊಂಡು ಹೋಗಿ, ಅವರು ಕೇಳದಿದ್ದರೂ ತೆರೆದು ತೋರಿಸಿ. ಆ ಅಜ್ಜಿಗೆ ಮೊಸಳೆ ಪುಸ್ತಕವನ್ನು ಇನ್ನೊಂದು ವಾರ ಕೊಡಿ.